ಗ್ರಾಫಿಕ್ಸ್ ಕಾರ್ಡಿನ ಆಯುಷ್ಯವನ್ನು ಅಳೆಯುವವರು ಯಾರು?

ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ತನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಬದಲಿಸುವ ವಿಚಾರ ಎತ್ತಿದ. ಅವನ ಬಳಿ ಇರುವುದು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣ ಬಿಟ್ಟುಹೋದ ಹಳೆಯ ಯಂತ್ರ. ಅದರೊಳಗೆ 2016ರಲ್ಲಿ ಬಿಡುಗಡೆಯಾದ ಎನ್‌ವಿಡಿಯಾ ಕಂಪನಿಯ ಜೀಫೋರ್ಸ್ ಜಿಟಿಎಕ್ಸ್ 1060 ಕಾರ್ಡು. ಅವನ ಕಣ್ಣು ಬಿದ್ದಿದ್ದು ಅದೇ ಕಂಪನಿ 2023ರ ಜೂನ್ ಕೊನೆಯಲ್ಲಿ ಹೊರತಂದ ಆರ್‌ಟಿಎಕ್ಸ್ 4060ರ ಮೇಲೆ. "ಸರ್, ಇದು ಕರೆಂಟ್ ಕಡಿಮೆ ತಿನ್ನುತ್ತದಂತೆ. ನಿಮ್ಮ ಪರಿಸರಕ್ಕೂ ಒಳ್ಳೆಯದೇ ಅಲ್ಲವೇ?" ಎಂದು ನಕ್ಕ. ಪ್ರಶ್ನೆ ತಮಾಷೆಯದಾದರೂ ಉತ್ತರ ಸುಲಭವಾಗಿರಲಿಲ್ಲ.

ಕಾಡು, ಗಣಿ, ಅಣೆಕಟ್ಟುಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಆಟದ ಕಾರ್ಡಿನ ವಿಮರ್ಶೆ ಏಕೆ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಇಂದು ಕಂಪ್ಯೂಟರ್ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಒಂದು ಸಾಧನ ಎಷ್ಟು ವಿದ್ಯುತ್ ಉಣ್ಣುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಅದರ ವಿನ್ಯಾಸದ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತದೆ. ಆ ಮೇಜಿನ ಮೇಲೆ ಏನು ನಡೆಯಿತೆಂದು ತಿಳಿಯುವ ಹಕ್ಕು ನಮಗೂ ಇದೆ.

ಗ್ರಾಫಿಕ್ಸ್ ಕಾರ್ಡಿನ ಕೆಲಸವನ್ನು ಗದ್ದೆಯ ನಾಟಿಗೆ ಹೋಲಿಸಬಹುದು. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಒಂದು ಚಿತ್ರಕ್ಕೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಆ ಸಂಖ್ಯೆ 12 ಕೋಟಿಯನ್ನು ದಾಟುತ್ತದೆ. ಒಬ್ಬನೇ ಬಲಶಾಲಿ ಎಷ್ಟೇ ಬೇಗ ನೆಟ್ಟರೂ ಇದು ಮುಗಿಯದು. ಸಾಲಾಗಿ ನಿಂತು ಒಟ್ಟಿಗೆ ಹೆಜ್ಜೆ ಹಿಂದಿಡುವ ನೂರಾರು ಮಂದಿ ಬೇಕು. 4060ರ ಚಿಪ್ಪಿನಲ್ಲಿ 24 ತಂಡಗಳಿವೆ, ಒಂದೊಂದು ತಂಡದಲ್ಲಿ 128 ಲೆಕ್ಕಿಗರು, ಒಟ್ಟು 3072. ಇವರು 32ರ ಸಾಲುಗಳಲ್ಲಿ ನಿಂತು ಒಂದೇ ಆಜ್ಞೆಯನ್ನು ಒಮ್ಮೆಗೇ ಪಾಲಿಸುತ್ತಾರೆ. ಬೆಳಕಿನ ಕಿರಣಗಳ ಜಾಡು ಹಿಡಿಯುವ ಘಟಕಗಳೂ ಕೃತಕ ಬುದ್ಧಿಮತ್ತೆಯ ಲೆಕ್ಕಕ್ಕೆಂದೇ ಮೀಸಲಾದ ಘಟಕಗಳೂ ಪ್ರತಿ ತಂಡದಲ್ಲಿ ಬೇರೆಯಾಗಿವೆ.

ಇದರ ಹಿಂದಿನ ತಲೆಮಾರಿನ ಆರ್‌ಟಿಎಕ್ಸ್ 3060ರಲ್ಲಿ (2021) ಲೆಕ್ಕಿಗರ ಸಂಖ್ಯೆ 3584. ಅಂದರೆ ಹೊಸತರಲ್ಲಿ ಕೆಲಸಗಾರರು ಕಡಿಮೆಯಾದರು. ಆದರೆ 3060ರ ಚಿಪ್ಪನ್ನು ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ವಿಧಾನದಲ್ಲಿ ಮಾಡಿದ್ದರು. 4060ರದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯ ಇನ್ನೂ ಸೂಕ್ಷ್ಮವಾದ ವಿಧಾನದಲ್ಲಿ ಆದದ್ದು. ಹೀಗಾಗಿ ವೇಗ 1.78 ಗಿಗಾಹರ್ಟ್ಸ್‌ನಿಂದ 2.46ಕ್ಕೆ ಏರಿತು, ಚಿಪ್ಪಿನ ವಿಸ್ತೀರ್ಣ 276 ಚದರ ಮಿಲಿಮೀಟರಿನಿಂದ ಸುಮಾರು 159ಕ್ಕೆ ಇಳಿಯಿತು. ಹೆಬ್ಬೆರಳಿನ ಉಗುರಿಗಿಂತ ಹೆಚ್ಚೇನೂ ದೊಡ್ಡದಲ್ಲದ ಆ ಜಾಗದಲ್ಲಿ 1890 ಕೋಟಿ ಟ್ರಾನ್ಸಿಸ್ಟರುಗಳು. ಸಾಮಾನ್ಯ ಆಟಗಳಲ್ಲಿ ಅದು 3060ಕ್ಕಿಂತ ಸುಮಾರು ಶೇಕಡಾ 20ರಷ್ಟು ಹೆಚ್ಚು ಚಿತ್ರಗಳನ್ನು ಕೊಡುತ್ತದೆ. ಅದಕ್ಕೆ ನಿಗದಿಯಾದ ಗರಿಷ್ಠ ವಿದ್ಯುತ್ ಮಾತ್ರ 170 ವ್ಯಾಟಿನಿಂದ 115 ವ್ಯಾಟಿಗೆ ಇಳಿದಿದೆ. ದಿನಕ್ಕೆ 3 ಗಂಟೆ ಪೂರ್ಣ ಹೊರೆಯಲ್ಲಿ ನಡೆಸಿದರೆ ವರ್ಷಕ್ಕೆ 60 ಯೂನಿಟ್ ಉಳಿತಾಯ. ಹಳ್ಳದ ನೀರಿನಿಂದ 1 ಕಿಲೋವ್ಯಾಟ್ ಯಂತ್ರ ನಡೆಸುವ ನಮ್ಮ ಕಡೆಯ ಮನೆಗಳಿಗೆ 55 ವ್ಯಾಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಇದು ನಿಜವಾದ ಸಾಧನೆ, ಮುಕ್ತಕಂಠದಿಂದ ಮೆಚ್ಚತಕ್ಕದ್ದು.

ನನ್ನ ತಕರಾರು ಇರುವುದು ಮೆಮರಿಯ ವಿಚಾರದಲ್ಲಿ.

ಲೆಕ್ಕಕ್ಕೆ ಬೇಕಾದ ಚಿತ್ರ, ಆಕಾರ, ಮೈಬಣ್ಣಗಳೆಲ್ಲ ಕಾರ್ಡಿನ ಮೆಮರಿಯಲ್ಲಿ ತುಂಬಿರುತ್ತವೆ. ಅದನ್ನು ಮನೆಯ ಕಣಜವೆನ್ನಿ. ಕಣಜದಿಂದ ಅಡುಗೆಮನೆಗೆ ಬರುವ ದಾರಿಯ ಅಗಲ 3060ರಲ್ಲಿ 192 ಬಿಟ್ ಇತ್ತು, ಸೆಕೆಂಡಿಗೆ 360 ಗಿಗಾಬೈಟ್ ಸಾಗುತ್ತಿತ್ತು. 4060ರಲ್ಲಿ ದಾರಿಯನ್ನು 128 ಬಿಟ್‌ಗೆ ಕಿರಿದಾಗಿಸಿದ್ದರಿಂದ ಸಾಗಣೆ 272ಕ್ಕೆ ಕುಸಿಯಿತು. ಈ ಕೊರತೆಯನ್ನು ತುಂಬಲು ಚಿಪ್ಪಿನೊಳಗೇ ಇರುವ ಕ್ಯಾಶ್ ಎಂಬ ಪುಟ್ಟ ಸಂಗ್ರಹವನ್ನು, ಎಂದರೆ ಒಲೆಯ ಪಕ್ಕದ ಡಬ್ಬಿಯನ್ನು, 3 ಮೆಗಾಬೈಟಿನಿಂದ 24ಕ್ಕೆ ಹಿಗ್ಗಿಸಿದರು. ಪದೇ ಪದೇ ಬೇಕಾಗುವ ಸಾಮಗ್ರಿ ಕೈಗೆಟಕುವಲ್ಲೇ ಸಿಕ್ಕರೆ ಕಣಜಕ್ಕೆ ಓಡುವುದು ತಪ್ಪುತ್ತದೆ. ಓಡಾಟ ತಪ್ಪಿದಷ್ಟೂ ವಿದ್ಯುತ್ ಉಳಿಯುತ್ತದೆ. ಇದು ಜಾಣ ಉಪಾಯವೇ ಸರಿ. ಪರದೆ ದೊಡ್ಡದಾದಂತೆ ಡಬ್ಬಿ ಸಾಲದೆ ಹೋಗುತ್ತದೆಂಬುದು ಬೇರೆ ಮಾತು.

ಆದರೆ ದಾರಿ ಕಿರಿದಾದಾಗ ಕಣಜವೂ ಕಿರಿದಾಯಿತು. ಒಂದೊಂದು ಮೆಮರಿ ಚಿಪ್ಪಿಗೆ 32 ಬಿಟ್ ಅಗಲದ ದಾರಿ ಬೇಕು. 192 ಬಿಟ್‌ಗೆ ಆರು ಚಿಪ್ಪು, ತಲಾ 2 ಜಿಬಿಯಂತೆ 12 ಜಿಬಿ. 128 ಬಿಟ್‌ಗೆ ನಾಲ್ಕೇ ಚಿಪ್ಪು, 8 ಜಿಬಿ. ಹೊಸ ತಲೆಮಾರಿನ ಕಾರ್ಡಿನಲ್ಲಿ ಹಳೆಯದಕ್ಕಿಂತ ಮೂರನೆಯ ಒಂದು ಭಾಗ ಕಡಿಮೆ ಮೆಮರಿ! ಬೇರೆ ದಾರಿಯೇ ಇರಲಿಲ್ಲವೆನ್ನಲು ಬರುವುದಿಲ್ಲ. ಅದರ ಅಣ್ಣನಂತಿರುವ 4060 ಟಿಐ ಕಾರ್ಡಿಗೂ ಅದೇ 128 ಬಿಟ್ ದಾರಿ. ಬೋರ್ಡಿನ ಎರಡೂ ಮಗ್ಗುಲಿಗೆ ಚಿಪ್ಪುಗಳನ್ನು ಕೂರಿಸಿ 2023ರ ಜುಲೈಯಲ್ಲಿ ಕಂಪನಿಯೇ 16 ಜಿಬಿಯ ಆವೃತ್ತಿಯನ್ನು ಮಾರಿತು. ಅಮೆರಿಕದಲ್ಲಿ 8 ಜಿಬಿಯದಕ್ಕೆ 399 ಡಾಲರ್, 16 ಜಿಬಿಯದಕ್ಕೆ 499.

ಮೆಮರಿ ಸಾಲದಾದಾಗ ಏನಾಗುತ್ತದೆ? ಉಳಿದ ಸಾಮಗ್ರಿಗಾಗಿ ಕಾರ್ಡು ಕಂಪ್ಯೂಟರಿನ ಮುಖ್ಯ ಮೆಮರಿಗೆ, ಮದರ್‌ಬೋರ್ಡಿನ ಸ್ಲಾಟ್ ಮೂಲಕ, ಕೈಚಾಚಬೇಕು. ಅಲ್ಲಿಯೂ ಜಿಪುಣತನ ನಡೆದಿದೆ: ಸ್ಲಾಟಿನಲ್ಲಿ 16 ಹಾದಿಗಳಿದ್ದರೂ ಈ ಕಾರ್ಡು ಬಳಸುವುದು 8ನ್ನು ಮಾತ್ರ. ಹೊಸ ಮದರ್‌ಬೋರ್ಡಿನಲ್ಲಿ ಸೆಕೆಂಡಿಗೆ 16 ಗಿಗಾಬೈಟ್ ಸಿಕ್ಕೀತು. ಆ ವಿದ್ಯಾರ್ಥಿಯ ಮನೆಯಲ್ಲಿರುವಂಥ ಹಳೆಯ ಮೂರನೆಯ ತಲೆಮಾರಿನ ಸ್ಲಾಟಿನಲ್ಲಿ ಸುಮಾರು 8. ಕಾರ್ಡಿನ ಸ್ವಂತ 272ರ ಮುಂದೆ ಇದು ಮೂವತ್ತರಲ್ಲಿ ಒಂದು ಪಾಲೂ ಅಲ್ಲ. ಆಟ ತಡವರಿಸುತ್ತದೆ, ಗೋಡೆಗಳ ಮೈಬಣ್ಣ ಮಸುಕಾಗಿ ನಿಲ್ಲುತ್ತದೆ. ಹಳೆಯ ಯಂತ್ರವನ್ನೇ ಉಳಿಸಿಕೊಂಡು ಕಾರ್ಡು ಮಾತ್ರ ಬದಲಿಸುವವನಿಗೇ ಪೆಟ್ಟು ಹೆಚ್ಚು. 2023ರ ಮೊದಲ ತಿಂಗಳುಗಳಲ್ಲಿ ಬಂದ 'ಹಾಗ್ವರ್ಟ್ಸ್ ಲೆಗಸಿ', 'ದ ಲಾಸ್ಟ್ ಆಫ್ ಅಸ್' ಆಟಗಳಲ್ಲಿ 8 ಜಿಬಿ ಕಾರ್ಡುಗಳು ತಿಣುಕಾಡಿದ್ದನ್ನು ಪರೀಕ್ಷಕರು ತೋರಿಸಿದ್ದರು. ಮುಂದೆ ತಿದ್ದುಪಡಿಗಳು ಬಂದು ಸ್ಥಿತಿ ಸುಧಾರಿಸಿತು, ನಿಜ. ಆದರೆ ಎಚ್ಚರಿಕೆಯ ಗಂಟೆ ಕಾರ್ಡು ಬಿಡುಗಡೆಯಾಗುವ ಮೊದಲೇ ಬಾರಿಸಿತ್ತು.

ಇನ್ನು 'ಫ್ರೇಮ್ ಜನರೇಶನ್' ಎಂಬುದೊಂದಿದೆ. ಲೆಕ್ಕ ಹಾಕಿ ಬಿಡಿಸಿದ ಎರಡು ಚಿತ್ರಗಳ ನಡುವೆ ಕೃತಕ ಬುದ್ಧಿಮತ್ತೆ ಊಹಿಸಿ ಬಿಡಿಸಿದ ಮತ್ತೊಂದನ್ನು ತೂರಿಸುವ ತಂತ್ರ. ಕಣ್ಣಿಗೆ ಚಲನೆ ನಯವಾಗಿ ಕಾಣುತ್ತದೆ. ಆಟಗಾರನ ಬೆರಳಿಗೆ ಆಟ ಸ್ಪಂದಿಸುವ ವೇಗವೇನೂ ಹೆಚ್ಚುವುದಿಲ್ಲ. ಅದನ್ನು ಸೌಕರ್ಯವೆಂದು ಕೊಟ್ಟರೆ ಅಡ್ಡಿಯಿಲ್ಲ. 3060ಕ್ಕಿಂತ 1.7 ಪಟ್ಟು ವೇಗವೆಂದು ಜಾಹೀರಾತಿನ ನಕ್ಷೆಯಲ್ಲಿ ಇವನ್ನೂ ಎಣಿಸಿದ್ದು ಜೊಳ್ಳನ್ನೂ ಸೇರಿಸಿ ಇಳುವರಿ ತೂಗಿದಂತೆ. ಈ ತಂತ್ರಕ್ಕೆ ತನ್ನದೇ ಆದ ಮೆಮರಿಯೂ ಬೇಕು ಎಂಬುದು ವಿಪರ್ಯಾಸ.

ನನ್ನ ವೃತ್ತಿಯ ಇತಿಹಾಸದಿಂದಲೇ ಒಂದು ಪ್ರಸಂಗ ನೆನಪಾಗುತ್ತದೆ. 1966ರಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಐಆರ್ 8 ಎಂಬ ಗಿಡ್ಡ ತಳಿ ಬಂತು. ಗೊಬ್ಬರ ಕೊಟ್ಟಷ್ಟೂ ತೆನೆ ತುಂಬಿತು, ಬಾಗಿ ಬೀಳಲಿಲ್ಲ. ನಾವು ವಿಜ್ಞಾನಿಗಳು ಕಾಳನ್ನು ತೂಗಿದೆವು, ಸಂಭ್ರಮಿಸಿದೆವು. ಎತ್ತರದ ಹಳೆಯ ತಳಿ ಕೊಡುತ್ತಿದ್ದ ಹುಲ್ಲು, ಆ ಹುಲ್ಲನ್ನು ನಂಬಿದ್ದ ಕೊಟ್ಟಿಗೆ ನಮ್ಮ ತಕ್ಕಡಿಯಲ್ಲಿ ಇರಲೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ವಿಮರ್ಶಕರು ವ್ಯಾಟಿಗೆಷ್ಟು ಚಿತ್ರ, ಡಾಲರಿಗೆಷ್ಟು ಚಿತ್ರ ಎಂದು ಅತ್ಯಂತ ಶಿಸ್ತಿನಿಂದ ಅಳೆಯುತ್ತಾರೆ. ಒಂದು ಕಾರ್ಡಿಗೆ ಎಷ್ಟು ವರ್ಷ ಎಂಬ ಕಾಲಂ ಅವರ ಕೋಷ್ಟಕದಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ವರ್ಷಗಳ ಲೆಕ್ಕ ಏಕೆ ಬೇಕೆಂದರೆ, ಚಿಪ್ಪು ನಮ್ಮ ಮನೆಯ ಮೀಟರ್ ತಿರುಗಿಸುವ ಮೊದಲೇ ಬಹಳಷ್ಟನ್ನು ಕುಡಿದಿರುತ್ತದೆ. 2021ರಲ್ಲಿ ತೈವಾನ್ ಅರ್ಧ ಶತಮಾನದಲ್ಲೇ ಅತಿ ಭೀಕರವಾದ ಬರವನ್ನು ಕಂಡಿತು. ಚಿಪ್ ಕಾರ್ಖಾನೆಗಳು ನಡೆಯಬೇಕಿತ್ತು; ಬಿಲ್ಲೆಗಳನ್ನು ತೊಳೆಯಲು ಅತಿಶುದ್ಧ ನೀರು ಹೇರಳವಾಗಿ ಬೇಕು. ಸರ್ಕಾರ ಹತ್ತಾರು ಸಾವಿರ ಹೆಕ್ಟೇರ್ ಗದ್ದೆಗಳಿಗೆ ಕಾಲುವೆಯ ನೀರು ನಿಲ್ಲಿಸಿತು, ಬೀಳುಬಿಟ್ಟ ರೈತರಿಗೆ ಪರಿಹಾರ ಕೊಟ್ಟಿತು. ಟಿಎಸ್‌ಎಂಸಿ ಟ್ಯಾಂಕರುಗಳಲ್ಲಿ ನೀರು ತರಿಸಿತು. ಭತ್ತ ಬೆಳೆಯುವವನ ಪಾಲಿನ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಘಟ್ಟದವರಾದ ನಮಗೆ ಹೊಸದಲ್ಲ. ಅಂಥ ನೀರಿನಿಂದ ಹುಟ್ಟಿದ ವಸ್ತು ಮೂರು ವರ್ಷಕ್ಕೆ ಮೂಲೆ ಸೇರುವುದಕ್ಕೂ ಒಂಬತ್ತು ವರ್ಷ ದುಡಿಯುವುದಕ್ಕೂ ವ್ಯತ್ಯಾಸವಿಲ್ಲವೇ?

ಒಂಬತ್ತು ವರ್ಷ ಎಂಬುದು ಉತ್ಪ್ರೇಕ್ಷೆಯಲ್ಲ. ನಮ್ಮ ವಿದ್ಯಾರ್ಥಿಯ ಬಳಿ ಇರುವ 6 ಜಿಬಿಯ 1060 ಅಷ್ಟು ಕಾಲ ಬಾಳಿದೆ. ಜಗತ್ತಿನಾದ್ಯಂತ ಹಲವು ವರ್ಷ ಅತಿ ಹೆಚ್ಚು ಬಳಕೆಯಲ್ಲಿದ್ದ ಆಟದ ಕಾರ್ಡು ಅದೇ ಆಗಿತ್ತು. ಅದಕ್ಕಿಂತ ಹಿಂದಿನ ಜಿಟಿಎಕ್ಸ್ 960ರ ಮೂಲ ಆವೃತ್ತಿಯಲ್ಲಿ 2 ಜಿಬಿ ಇತ್ತು. ಒಮ್ಮೆಗೇ ಮೂರು ಪಟ್ಟು ಕೊಟ್ಟಿದ್ದರಿಂದ ಅದರ ಆಯುಷ್ಯ ಬೆಳೆಯಿತು. ಈಗ ಅದು ಸಾಯುತ್ತಿರುವುದು ಸಾಫ್ಟ್‌ವೇರಿನ ಕೈಯಲ್ಲಿ. 2025ರ ಅಕ್ಟೋಬರಿನೊಂದಿಗೆ ಆ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ನಿಂತಿತು, ಭದ್ರತೆಯ ತಿದ್ದುಪಡಿಗಳು ಮಾತ್ರ 2028ರವರೆಗೆ ಬರಲಿವೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3. ಉಳಿದದ್ದರಲ್ಲಿ ಒಂದಿಷ್ಟು ನಮ್ಮ ಪೇಟೆಗಳ ಗುಜರಿ ಅಂಗಡಿಗಳ ಹಿಂದೆಯೂ ಮಳೆಗೆ ನೆನೆಯುತ್ತಿರುತ್ತದೆ.

ಮೆಮರಿಯನ್ನು ಬಳಕೆದಾರನೇ ಹೆಚ್ಚಿಸಿಕೊಳ್ಳುವಂತೆ ಮಾಡಬಾರದೇ ಎಂದು ಕೇಳಬಹುದು. 1990ರ ದಶಕದ ಕೆಲವು ಕಾರ್ಡುಗಳಲ್ಲಿ ಹೆಚ್ಚುವರಿ ಚಿಪ್ಪಿಗೆ ಖಾಲಿ ಸಾಕೆಟ್ ಇರುತ್ತಿತ್ತು. ಇಂದು ಪಿನ್ನೊಂದಕ್ಕೆ ಸೆಕೆಂಡಿಗೆ 17 ಗಿಗಾಬಿಟ್ ಹರಿಯುವಾಗ ಸಾಕೆಟ್ಟಿನ ಸಡಿಲ ಸಂಪರ್ಕ ಅದನ್ನು ತಾಳದು, ಬೆಸುಗೆ ಅನಿವಾರ್ಯ. ಹಾಗಾಗಿಯೇ ಮೊದಲ ದಿನ ಎಷ್ಟು ಮೆಮರಿ ಕೊಡುತ್ತಾರೆಂಬುದು ಕೊನೆಯ ದಿನವನ್ನೂ ನಿರ್ಧರಿಸುತ್ತದೆ. 2024ರ ಡಿಸೆಂಬರಿನಲ್ಲಿ ಇಂಟೆಲ್ ತನ್ನ ಆರ್ಕ್ ಬಿ580 ಕಾರ್ಡಿನಲ್ಲಿ 249 ಡಾಲರಿಗೆ 12 ಜಿಬಿ ಕೊಟ್ಟಿತು. ಅದು 190 ವ್ಯಾಟ್ ಬೇಡುತ್ತದೆಂಬುದನ್ನೂ ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಎನ್‌ವಿಡಿಯಾ 2025ರ ಮೇ ತಿಂಗಳಲ್ಲಿ ತಂದ ಆರ್‌ಟಿಎಕ್ಸ್ 5060ರಲ್ಲಿ ವಿದ್ಯುತ್ 115ರಿಂದ 145 ವ್ಯಾಟಿಗೇರಿತು. ಮೆಮರಿ ವೇಗದ್ದಾಯಿತು, ಪ್ರಮಾಣ 8 ಜಿಬಿಯಲ್ಲೇ ನಿಂತಿತು.

ಕಂಪನಿಗಳಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಡ್ರೈವರ್ ಯಾವ ವರ್ಷದವರೆಗೆ ಸಿಗುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ. ಬದಲಿ ಫ್ಯಾನು ಬಿಡಿಯಾಗಿ ಸಿಗಲಿ. ಮೆಮರಿ ಬೇರೆಯಾದರೆ ಹೆಸರೂ ಬೇರೆಯಾಗಲಿ: 3060 ಎಂಬ ಒಂದೇ ಹೆಸರಿನಲ್ಲಿ 12 ಜಿಬಿಯದೂ ಇದೆ, ದಾರಿ ಕಿರಿದಾದ 8 ಜಿಬಿಯದೂ ಇದೆ, ಹಳೆಯದನ್ನು ಕೊಳ್ಳುವ ವಿದ್ಯಾರ್ಥಿಗಳು ಇದನ್ನು ನೋಡಿಕೊಳ್ಳಬೇಕು.

ಆ ಹುಡುಗನಿಗೆ ಆಟದ ಜೊತೆಗೆ, ಅಡಿಕೆಯ ಎಲೆಚುಕ್ಕೆ ರೋಗವನ್ನು ಚಿತ್ರದಿಂದ ಗುರುತಿಸುವ ಕಾಲೇಜು ಪ್ರಾಜೆಕ್ಟೂ ಇದೆ. ಅಂಥ ತರಬೇತಿಗೆ ಮೆಮರಿಯೇ ಮುಖ್ಯವಾದ್ದರಿಂದ, ಬದಲಿಸಲೇಬೇಕಾದಾಗ ಬಳಸಿದ 12 ಜಿಬಿಯ 3060 ಹುಡುಕು ಎಂದೆ. ವರ್ಷಕ್ಕೆ 60 ಯೂನಿಟ್ ಹೆಚ್ಚು ಹೋದೀತು, ಅದೂ ಗೊತ್ತಿದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಪವರ್ ಸಪ್ಲೈ 450 ವ್ಯಾಟಿನದು. 3060ಕ್ಕಾಗಲಿ 4060ಕ್ಕಾಗಲಿ ಕಂಪನಿ ಹೇಳುವುದು 550. ಸದ್ಯಕ್ಕೆ 1060ರ ಫ್ಯಾನಿನ ಧೂಳು ತೆಗೆದು, ಒಣಗಿ ಬಿರಿದಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದ್ದೇವೆ. ಆಟದ ವೇಳೆ 82 ಡಿಗ್ರಿ ಮುಟ್ಟುತ್ತಿದ್ದ ಶಾಖ ಈಗ 70ರ ಆಸುಪಾಸಿನಲ್ಲಿದೆ.