ಕೃಪಣನ ಕಾರ್ಪಣ್ಯ

ಎಂಜಲ ಕೈಯಲ್ಲಿ ಕಾಗೆ ಓಡಿಸದವನನ್ನು ಹಳಿಯಲು ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಜುಗ್ಗ, ಜಿಪುಣ, ಲೋಭಿ, ಕೃಪಣ: ರೂಢಿಯಲ್ಲಿ ಇವೆಲ್ಲಕ್ಕೂ ಅರ್ಥವೊಂದೇ. ಆದರೆ ಸಂಸ್ಕೃತದಿಂದ ಬಂದ ಕೊನೆಯ ಎರಡು ಶಬ್ದಗಳ ಮೂಲ ಬೇರೆ ಬೇರೆ. ಲೋಭಿಯಲ್ಲಿರುವುದು ಅತಿಯಾಸೆ; ಅರಿಷಡ್ವರ್ಗದಲ್ಲಿ ಮೂರನೆಯದಾದ ಲೋಭವು ಅವನನ್ನು ಆಳುತ್ತದೆ. ಕೃಪಣನಲ್ಲಿರುವುದಾದರೋ ದೈನ್ಯ. ಕೃಪೆ, ಕೃಪಣ ಎರಡೂ ಒಂದೇ ಬಳ್ಳಿಯ ಕಾಯಿಗಳು. ಕೃಪಣನೆಂದರೆ ಮೊದಲಿಗೆ ಕೈ ಬಿಗಿಹಿಡಿದವನಲ್ಲ; ಕನಿಕರಕ್ಕೆ ಪಾತ್ರನಾದವನು.

ಈ ಅರ್ಥವು ಹಳೆಯ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಭಗವದ್ಗೀತೆಯ 2ನೆಯ ಅಧ್ಯಾಯದಲ್ಲಿ, ಯುದ್ಧಕ್ಕೆ ಒಲ್ಲೆನೆಂದು ಕುಳಿತ ಅರ್ಜುನನು ತನ್ನ ಸ್ವಭಾವವನ್ನು ಕೆಡಿಸಿದ ದೋಷಕ್ಕೆ ಕಾರ್ಪಣ್ಯವೆಂದು ಹೆಸರಿಡುತ್ತಾನೆ. ಅಲ್ಲಿ ಹಣದ ಮಾತೇ ಇಲ್ಲ. ಅದೇ ಅಧ್ಯಾಯದಲ್ಲಿ ಕೃಷ್ಣನು ಫಲಕ್ಕಾಗಿಯೇ ಕರ್ಮ ಮಾಡುವವರನ್ನು ಕೃಪಣರೆನ್ನುತ್ತಾನೆ. ಬೃಹದಾರಣ್ಯಕೋಪನಿಷತ್ತಿನ ಯಾಜ್ಞವಲ್ಕ್ಯನ ಪ್ರಕಾರ, ಅಕ್ಷರತತ್ತ್ವವನ್ನು ಅರಿಯದೆ ಈ ಲೋಕವನ್ನು ಬಿಟ್ಟುಹೋಗುವವನು ಕೃಪಣ. ಗಾರ್ಗಿಗೆ ಅವನು ಹೇಳಿದ ಮಾತು ಇದು.

ಕನ್ನಡದಲ್ಲಿ ಈ ಶಬ್ದದ ಮನೆ ಎರಡು ಪಾಲಾಯಿತು. ಕೃಪಣನು ಜಿಪುಣರ ಗುಂಪಿಗೆ ಸೇರಿದನು. ಅವನ ಭಾವನಾಮವಾದ ಕಾರ್ಪಣ್ಯವು ಬಡವರ ಮನೆಯಲ್ಲಿಯೇ ಉಳಿಯಿತು. ಕಷ್ಟಕಾರ್ಪಣ್ಯವೆಂದಾಗ ಯಾರೂ ಜಿಪುಣತನವನ್ನು ನೆನೆಯುವುದಿಲ್ಲ.

ಆದರೂ ನಿತ್ಯವ್ಯವಹಾರದಲ್ಲಿ ಈ ಎರಡನ್ನೂ ಬೆರೆಸಿಬಿಡುವುದುಂಟು. ತಿಂಗಳ ಕೊನೆಯಲ್ಲಿ ಒಗ್ಗರಣೆಗೆ ಎಣ್ಣೆಯನ್ನು ಅಳೆದು ಹಾಕುವ, ಹಿರಿಯ ಮಗನ ಪುಸ್ತಕಗಳನ್ನು ಕಿರಿಯವನಿಗಾಗಿ ಜೋಪಾನ ಮಾಡುವ ಗೃಹಿಣಿಯನ್ನು ಬಂದುಹೋಗುವ ನೆಂಟರು ಜಿಪುಣಿಯೆಂದು ಕರೆದುಬಿಡುತ್ತಾರೆ. ಅವಳಿಗಿರುವುದು ಕಾರ್ಪಣ್ಯ, ಕೃಪಣತೆಯಲ್ಲ. ಅವಳ ಗುಣಕ್ಕೆ ಮಿತವ್ಯಯವೆಂಬ ಗೌರವದ ಹೆಸರಿದೆ. ಮಗನ ಶುಲ್ಕದ ದಿನ ಬಂದಾಗ ಅವಳ ಸಾಸಿವೆ ಡಬ್ಬಿಯಿಂದ ಹಣ ಹೊರಬರುತ್ತದೆ. ಕೃಪಣನ ಪೆಟ್ಟಿಗೆಗಾದರೋ ಅಂಥ ದಿನವೇ ಬರುವುದಿಲ್ಲ. ಮನೆಯಲ್ಲಿ ರೋಗಿಯಿದ್ದರೂ ಅದರ ಬೀಗ ತೆರೆಯುವುದಿಲ್ಲ.

ಬಡವನ ಕಾರ್ಪಣ್ಯ ನಾಲ್ಕು ಕಾಸು ಕೂಡಿದರೆ ತೀರೀತು. ಕೃಪಣನದು ಕೂಡಿದಷ್ಟೂ ಬೆಳೆಯುತ್ತದೆ. ಹಿಂದಿನವರು ಅವನಿಗೆ ಕೃಪೆಯ ಬಳ್ಳಿಯಿಂದಲೇ ಹೆಸರು ಕೊಟ್ಟದ್ದು ತಕ್ಕುದಾಗಿಯೇ ಇದೆ. ಆ ಹೆಸರು ಅಳೆದು ಬಾಳುವ ಬಡವರ ಮೇಲೆ ಬೀಳದಂತೆ ನೋಡಿಕೊಳ್ಳುವುದು ಮಾತಾಡುವವರ ಹೊಣೆ.