ಊರಿನಿಂದ ಬರುವವರಿಗೆ, ಕರೆಸಿಕೊಳ್ಳುವವರಿಗೆ

ಜೂನ್ ರಜೆ ಹತ್ತಿರ ಬಂತೆಂದರೆ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಅಪ್ಪ ಅಮ್ಮನನ್ನು ಯಾವಾಗ ಕರೆಸುವುದು, ಏನೇನು ತರಬಹುದು, ಇಲ್ಲಿ ಬಂದ ಮೇಲೆ ಅವರಿಗೆ ಹೊತ್ತು ಹೋಗುವುದು ಹೇಗೆ? ಸಿಂಗಪುರದಲ್ಲಿರುವ ನಮ್ಮ ಸದಸ್ಯರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಸಾಕಷ್ಟಿದ್ದಾರೆ. ಈ ಸಲದ ಸಂಪಾದಕೀಯ ಆ ಮೂರು ತಾಲೂಕುಗಳ ಹಿರಿಯರ ಪಾಲಿಗಿರಲಿ.

ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಎರಡು ಸಲ. ವರ್ಷದ ಕೊನೆಯ ರಜೆ ಉದ್ದ, ನಿಜ. ಆದರೆ ಆಗ ಊರಲ್ಲಿ ಅಡಿಕೆ ಕೊಯ್ಲು, ಧರ್ಮಸ್ಥಳದ ಲಕ್ಷದೀಪೋತ್ಸವ, ಕಂಬಳ. ಕೋಣ ಸಾಕಿದ ಮನೆಯ ಯಜಮಾನರನ್ನು ಡಿಸೆಂಬರಿನಲ್ಲಿ ವಿಮಾನ ಹತ್ತಿಸುವ ಆಸೆ ಬಿಟ್ಟುಬಿಡಿ. ಮೇ 24ರ ಸುಮಾರಿಗೆ ಪತ್ತನಾಜೆ ಕಳೆದರೆ ಕೋಲ-ನೇಮಗಳು ನಿಲ್ಲುತ್ತವೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಡಿಕೆಗೆ ಮೊದಲ ಸುತ್ತಿನ ಮದ್ದು ಬಿಟ್ಟಾಯಿತೆಂದರೆ ಎರಡನೆಯದಕ್ಕೆ ಸುಮಾರು ಒಂದೂವರೆ ತಿಂಗಳು ಬಿಡುವು. ಟಿಕೆಟ್ ಆ ನಡುವೆ ಇರಲಿ.

ಭಾರತೀಯರಿಗೆ ವೀಸಾ ಬೇಕೇ ಬೇಕು. ಅದರ ಜತೆಗೆ ಇಲ್ಲಿ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಎಸ್‌ಜಿ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಸರಕಾರದ್ದಲ್ಲ. ಪೆಟ್ಟಿಗೆ ಕಟ್ಟುವಾಗ ಅಮ್ಮಂದಿರು ಮೊದಲು ಪಾಯಸದ ಗಸಗಸೆಯನ್ನು ಹೊರಗಿಡಲಿ, ಇಲ್ಲಿ ಅದು ಮಾದಕವಸ್ತು ಇಲಾಖೆಯ ನಿಷೇಧದ ಪಟ್ಟಿಯಲ್ಲಿದೆ. ಊರಿನ ಕೋಳಿ ಮಾಂಸದ ಉಪ್ಪಿನಕಾಯಿಯೂ ಬೇಡ. ಒಣ ಕೊಬ್ಬರಿಯನ್ನು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ತೆಗೆದಿಡುತ್ತಾರೆ, ಅದು ಬೆಂಕಿ ಹೊತ್ತಿಕೊಳ್ಳುವ ಸರಕು. ಅಪ್ಪಂದಿರಿಗೆ ಬೇರೆ ಎಚ್ಚರಿಕೆ: ಅಗಿಯುವ ಹೊಗೆಸೊಪ್ಪು ನಿಷಿದ್ಧ, ಸಿಗರೇಟು ಒಂದೇ ಇದ್ದರೂ ಸುಂಕ ಕಟ್ಟಬೇಕು. ಎಲೆ, ಅಡಿಕೆ ಎರಡೂ ಲಿಟಲ್ ಇಂಡಿಯಾದಲ್ಲಿ ಸಿಗುತ್ತವೆ. ಉಗುಳಿದರೆ ಮಾತ್ರ ದಂಡ. ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯೊಡನೆ ತನ್ನಿ. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಕೆಲವು ನಿದ್ದೆಮಾತ್ರೆಗಳಿಗೂ ಮುಂಚಿತವಾಗಿ ಅನುಮತಿ ಬೇಕು.

ಊಟದ ಬಗ್ಗೆ ಊರಲ್ಲಿರುವ ಭಯ ವಿಪರೀತ. ಮೂಡುಬಿದಿರೆಯ ಜೈನ ಮನೆಗಳ ಹಿರಿಯರು ಇಲ್ಲಿ ಉಪವಾಸ ಬೀಳುವುದಿಲ್ಲ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕುವ ರೂಢಿಯಿಲ್ಲ. ಗಡ್ಡೆ, ಅಣಬೆಗಳನ್ನು ಮಾತ್ರ ಕೇಳಿ ತೆಗೆಸಬೇಕು. ಸೂರ್ಯ ಮುಳುಗುವುದು ವರ್ಷವಿಡೀ ಸಂಜೆ ಏಳರ ಆಚೀಚೆ, ಹಾಗಾಗಿ ಹೊತ್ತಿಗೆ ಮುಂಚೆ ಉಣ್ಣುವವರಿಗೆ ಅವಸರವಿಲ್ಲ. ಬ್ಯಾರಿ ಮನೆಗಳವರಿಗೆ ಹಲಾಲ್ ಫಲಕ ಎಲ್ಲೆಡೆ ಕಾಣುತ್ತದೆ. ಮೀನಿಲ್ಲದೆ ಅನ್ನ ಇಳಿಯದವರು ಟೆಕ್ಕಾ ಮಾರುಕಟ್ಟೆಗೆ ಹೋಗಲಿ. ಮಲಯರು ಕೆಂಬುಂಗ್ ಎನ್ನುವ ಮೀನು ನಮ್ಮ ಬಂಗುಡೆಯೇ. ಕುಚ್ಚಲಕ್ಕಿ ಬೇಕೆಂದವರಿಗೆ ಕೇರಳದ ಮಟ್ಟ ಅಕ್ಕಿ ಇದೆ.

ಇಷ್ಟೆಲ್ಲ ಹೇಳುವುದು ಸುಲಭ. ನನಗೆ ತಕರಾರಿರುವುದು ಕರೆಸಿಕೊಳ್ಳುವ ನಮ್ಮ ಮೇಲೆ. ಬೆಳ್ತಂಗಡಿಯಲ್ಲಿ ಬೆಳಗ್ಗೆ ತೋಟಕ್ಕೆ ಒಂದು ಸುತ್ತು, ಸಂಜೆ ಪೇಟೆಗೆ ಒಂದು ಸುತ್ತು ಹಾಕುವವರನ್ನು ಹದಿನಾಲ್ಕನೆಯ ಮಹಡಿಯಲ್ಲಿ ಕೂರಿಸಿ, ಕೈಗೆ ಟೀವಿಯ ರಿಮೋಟ್ ಕೊಟ್ಟು, ನಾವು ಆಫೀಸಿಗೆ ಹೋಗುತ್ತೇವೆ. ವಾರದ ಕೊನೆಗೆ ಸೆಂಟೋಸಾಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆದರೆ ಕರ್ತವ್ಯ ಮುಗಿಯಿತು. ಮೂರನೆಯ ವಾರಕ್ಕೆ ಅವರು ಮಳೆಯ ನೆಪ ಹೇಳಿ ಟಿಕೆಟ್ ಹಿಂದೆ ಮಾಡಿಸಲು ಕೇಳುತ್ತಾರೆ.

ಮೊದಲ ಎರಡು ದಿನ ರಜೆ ಹಾಕಿ ಅವರ ಜತೆ ಬಸ್ಸಿನಲ್ಲಿ ಓಡಾಡಿ. ಈಜಿ-ಲಿಂಕ್ ಕಾರ್ಡನ್ನು ಹತ್ತುವಾಗಲೂ ಇಳಿಯುವಾಗಲೂ ಮುಟ್ಟಿಸಬೇಕೆಂದು ತೋರಿಸಿ. ಬಿ.ಸಿ.ರೋಡಿನಲ್ಲಿ ನಿಂತು ಬಸ್ಸು ಹಿಡಿದವರಿಗೆ ಇಲ್ಲಿನ ಬಸ್ಸು ಏನೂ ಕಷ್ಟವಲ್ಲ. ಎಂಆರ್‌ಟಿಯಲ್ಲಿ ಚಕ್ಕುಲಿ ಪೊಟ್ಟಣ ಬಿಚ್ಚದಂತೆ ಮಾತ್ರ ಹೇಳಿರಿ. ಹಾಕರ್ ಸೆಂಟರಿನಲ್ಲಿ ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಅದು ಯಾರದೋ ಜಾಗ. ತಿಂದ ತಟ್ಟೆಯನ್ನು ನಾವೇ ಎತ್ತಿಡಬೇಕು, ಊರಲ್ಲಿ ಉಂಡ ಎಲೆ ತೆಗೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಸುಮ್ಮನೆ ಕೊಪಿ ಎಂದರೆ ಸಿಹಿ ಮಂದಹಾಲು ಸುರಿದೇ ಕೊಡುತ್ತಾರೆ, ಸಕ್ಕರೆ ಕಾಯಿಲೆಯವರು ‘ಕೊಪಿ ಸಿ ಕೊಸೊಂಗ್’ ಎನ್ನಬೇಕು. ಇದನ್ನು ನಾಲ್ಕು ಸಲ ಬಾಯಿಪಾಠ ಮಾಡಿಸಿ. ಐದನೆಯ ದಿನ ಅಪ್ಪ ತಾವೇ ಕೆಳಗಿಳಿದು ಕಾಫಿ ಕುಡಿದು, ಪಕ್ಕದ ಮೇಜಿನ ಚೀನೀ ಅಜ್ಜನ ಜತೆ ಕೈಸನ್ನೆಯಲ್ಲೇ ಮಾತಾಡಿ ಬರುತ್ತಾರೆ.

ದಾರಿ ತಪ್ಪಿದರೆ ಎಂಬ ಅಂಜಿಕೆಗೆ ಇಲ್ಲೊಂದು ಅನುಕೂಲವಿದೆ. ಊರಿನ ವಿಳಾಸಕ್ಕೆ ಮನೆ, ಗ್ರಾಮ, ಅಂಚೆ, ತಾಲೂಕು ಎಲ್ಲ ಬೇಕು. ಇಲ್ಲಿ ಒಂದೊಂದು ಕಟ್ಟಡಕ್ಕೂ ಅದರದೇ ಆರಂಕಿಯ ಅಂಚೆ ಸಂಖ್ಯೆ. ಆ ಆರು ಅಂಕಿ, ಮನೆಯ ನಂಬರು, ನಿಮ್ಮ ಮೊಬೈಲ್ ನಂಬರು, ಆಂಬುಲೆನ್ಸಿನ 995: ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಅವರ ಜೇಬಿಗೆ ಹಾಕಿ.

ಇನ್ನು ವಿಮೆ. ವಿದೇಶಿಯರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಸರಕಾರದ ರಿಯಾಯಿತಿ ಇಲ್ಲ, ಒಂದು ರಾತ್ರಿ ಮಲಗಿದರೂ ಬಿಲ್ಲು ನೋಡಿ ಎದೆ ಝಲ್ಲೆನ್ನುತ್ತದೆ. ಟಿಕೆಟ್ ಮಾಡುವ ದಿನವೇ ಪ್ರಯಾಣ ವಿಮೆ ಮಾಡಿಸಿ. ಬಿಪಿ, ಸಕ್ಕರೆ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಹಳೆಯ ಕಾಯಿಲೆಗೂ ಪಾಲಿಸಿ ಅನ್ವಯಿಸುತ್ತದೆಯೇ ಎಂದು ಓದಿಯೇ ದುಡ್ಡು ಕಟ್ಟಿ.