ಹೊರಮೈಯ ಅಗುಳಿ: ಹಳೆಯ ಕಾರಿನ ಬಾನೆಟ್ಟು ಮತ್ತು ಡಿಕ್ಕಿ

ದೊಡ್ಡಗಾಜನೂರಿನಿಂದ ಸತ್ಯಮಂಗಲದ ಬಯಲಿಗೆ ಇಳಿಯುವ ವಾಹನವು ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಹಾಯಬೇಕು. ಕೋಸು ತುಂಬಿದ ಟೆಂಪೊ ಆಗಿರಲಿ, ಕಬ್ಬಿನ ಲಾರಿಯಾಗಿರಲಿ, ಇಳಿಜಾರು ಆರಂಭವಾಗುವ ಮೊದಲು ಹಿಂಬಾಗಿಲಿನ ಕೊಂಡಿಯನ್ನು ಒಮ್ಮೆ ಕೈಯಿಂದ ಅಲುಗಿಸಿ ನೋಡುವವನೇ ನುರಿತ ಚಾಲಕ. ಮುಚ್ಚಿದಂತೆ ಕಾಣುವುದು ಬೇರೆ, ಭದ್ರವಾಗಿರುವುದು ಬೇರೆ ಎಂಬ ವಿವೇಕ ಆ ಒಂದು ಕ್ರಿಯೆಯಲ್ಲಿದೆ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವವರು ಬಾನೆಟ್ಟು ಮತ್ತು ಡಿಕ್ಕಿಗಳ ಹೊರ ಅಗುಳಿಗಳ ವಿಷಯದಲ್ಲಿ ಪಾಲಿಸುವುದೂ ಇದೇ ವಿವೇಕವನ್ನು.

ಈಗಿನ ಕಾರುಗಳಲ್ಲಿ ಬಾನೆಟ್ಟಿನ ಅಗುಳಿ ಒಳಗಡೆ ಅಡಗಿರುತ್ತದೆ; ಚಾಲಕನ ಕಾಲಬಳಿಯ ಹಿಡಿಯನ್ನು ಎಳೆದರೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಹಾಗಿರಲಿಲ್ಲ. ತಮಿಳುನಾಡಿನ ಹಿರಿಯರಿಗೆ ನೆನಪಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಹತ್ತಿರದ ನಿದರ್ಶನ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯು 1961ರಿಂದ ತಯಾರಿಸಿತು. ಅದರ ಬಾನೆಟ್ಟು ಮುಂಚಕ್ರಗಳ ಮೇಲಿನ ಮಡ್‌ಗಾರ್ಡುಗಳನ್ನೂ ಕೂಡಿಕೊಂಡು ಒಂದೇ ತುಂಡಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಅಷ್ಟು ದೊಡ್ಡ ಮುಚ್ಚಳವನ್ನು ಹಿಡಿದಿಡುತ್ತಿದ್ದುದು ಎಡಬಲ ಪಕ್ಕಗಳಲ್ಲಿ, ಹೊರಗೇ ಕಾಣುವಂತಿದ್ದ ಎರಡು ಕೊಂಡಿಗಳು. ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ 1962ರಲ್ಲಿ ರೂಪಿಸಿದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿಗೂ ಆ ಏರ್ಪಾಟೇ ಬಂದಿತು.

ಹೊರ ಕೊಂಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯ ತತ್ತ್ವವು ಶಾಲೆಯ ಮಕ್ಕಳಿಗೂ ಎಟಕುವಂತಹುದು. ಕಾರಿನ ಮೈಗೆ ಒಂದು ಹಿಡಿ, ಹಿಡಿಗೆ ಸೇರಿದ ಒಂದು ಬಳೆ, ಮುಚ್ಚಳದ ಮೇಲೆ ಒಂದು ಕೊಕ್ಕೆ. ಇವಿಷ್ಟೇ ಅದರ ಅಂಗಗಳು. ಬಳೆಯನ್ನು ಕೊಕ್ಕೆಗೆ ತೊಡಿಸಿ ಹಿಡಿಯನ್ನು ಮಡಚುತ್ತಾ ಹೋದಂತೆ ಬಿಗಿತ ಏರುತ್ತದೆ. ಹಿಡಿಯ ಕೀಲು, ಬಳೆಯ ಕೀಲು, ಕೊಕ್ಕೆ ಈ ಮೂರೂ ಒಂದೇ ಗೆರೆಗೆ ಬಂದಾಗ ಬಿಗಿತ ತುತ್ತತುದಿ ಮುಟ್ಟುತ್ತದೆ. ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದೊಡನೆ ಹಿಡಿ ತಾನಾಗಿ ‘ಟಕ್’ ಎಂದು ಕೂರುತ್ತದೆ. ಅಲ್ಲಿಂದ ಮುಂದೆ ಮುಚ್ಚಳವು ಮೇಲೇಳಲು ಎಷ್ಟು ಎಳೆದರೂ ಆ ಎಳೆತವೇ ಹಿಡಿಯನ್ನು ಇನ್ನಷ್ಟು ಒಳಕ್ಕೆ ಒತ್ತುತ್ತದೆ. ನೆಟ್ಟಗೆ ನಿಂತಾಗ ಮೊಣಕಾಲು ಹಿಂದಕ್ಕೆ ಕೂತು, ಸ್ನಾಯುಗಳಿಗೆ ದಣಿವಿಲ್ಲದೆ ಮೈಭಾರ ಹೊರುವಂತೆಯೇ ಇದು. ಉಪ್ಪಿನಕಾಯಿಯ ಗಾಜಿನ ಜಾಡಿಗೆ ಇರುವ ತಂತಿಯ ಕೊಂಡಿಯಲ್ಲೂ ಸಲಕರಣೆ ಪೆಟ್ಟಿಗೆಯ ಕೊಂಡಿಯಲ್ಲೂ ಇದೇ ತತ್ತ್ವವನ್ನು ಕಾಣಬಹುದು.

ಆದರೆ ಗೆರೆ ದಾಟಬೇಕಾದರೆ ಎಲ್ಲಿಯಾದರೂ ಕೊಂಚ ಮಣಿಯುವ ಗುಣವಿರಬೇಕು. ಆ ಗುಣವನ್ನು ಒದಗಿಸುವುದು ಮುಚ್ಚಳದಡಿಯ ರಬ್ಬರ್ ಮೆತ್ತೆ ಅಥವಾ ಕೊಂಡಿಯೊಳಗಿನ ಸ್ಪ್ರಿಂಗು. ವರ್ಷಗಳು ಉರುಳಿ ರಬ್ಬರು ಚಪ್ಪಟೆಯಾದರೆ ಬಿಗಿತ ಕುಂದುತ್ತದೆ. ಕೊಂಡಿ ಮುಚ್ಚಿದಂತೆ ಕಂಡರೂ ಘಟ್ಟದ ಕುಲುಕಾಟಕ್ಕೆ ಅದು ಬಿಚ್ಚಿಕೊಂಡೀತು. ಆದುದರಿಂದಲೇ ಹಿಡಿಗೆ ಅಡ್ಡಲಾಗಿ ಒಂದು ಪಿನ್ನು ತೂರಿಸುವ ರೂಢಿಯುಂಟು.

ಘಟ್ಟದಲ್ಲಿ ಕುಲುಕಾಟವು ಶತ್ರುವಾದರೆ ಬಯಲಿನ ಹೆದ್ದಾರಿಯಲ್ಲಿ ಗಾಳಿಯೇ ಶತ್ರು. ವೇಗವು ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಇಮ್ಮಡಿಯಾದರೆ ಗಾಳಿಯ ಬಲ ನಾಲ್ಮಡಿಯಾಗುತ್ತದೆ. ಮುಂಭಾಗದ ಜಾಲರಿಯಿಂದ ನುಗ್ಗಿದ ಗಾಳಿ ಬಾನೆಟ್ಟನ್ನು ಅಡಿಯಿಂದ ಎತ್ತುತ್ತದೆ. ಬಾನೆಟ್ಟಿನ ಕೀಲು ಹಿಂದಿನ ಅಂಚಿನಲ್ಲಿದ್ದು ಅಗುಳಿ ಕೈಕೊಟ್ಟರೆ, ಅದು ಹಾರಿ ಚಾಲಕನ ಎದುರಿನ ಗಾಜಿಗೆ ಅಪ್ಪಳಿಸಿ, ಕ್ಷಣಮಾತ್ರದಲ್ಲಿ ರಸ್ತೆಯನ್ನೇ ಮರೆಮಾಡುತ್ತದೆ. ಕೀಲು ಮುಂದಿನ ಅಂಚಿನಲ್ಲಿರುವ ಹೆರಾಲ್ಡಿನಂತಹ ಕಾರಿನಲ್ಲಿ ಎದುರುಗಾಳಿಯು ಬಾನೆಟ್ಟನ್ನು ಮುಚ್ಚುವ ಕಡೆಗೇ ಒತ್ತುವುದರಿಂದ ಅಪಾಯ ಕಡಿಮೆ.

ಓಟದ ಕಾರುಗಳ ಬಾನೆಟ್ಟಿನ ಮೇಲೆ ಅಡ್ಡಲಾಗಿ ತೊಗಲಿನ ಪಟ್ಟಿ ಬಿಗಿಯುತ್ತಿದ್ದುದು ಈ ಭಯದಿಂದಲೇ. ಆಸ್ಟಿನ್-ಹೀಲಿ 100ಎಂ ಕಾರಿನ ಬಾನೆಟ್ಟಿಗೆ ಅಂತಹ ಪಟ್ಟಿಯಿತ್ತು. ನೋಡುವವರಿಗೆ ಅದು ಅಲಂಕಾರ. ನಿಜದಲ್ಲಿ ಅದು ಎರಡನೆಯ ಕಾವಲು. ತೊಗಲು ಮಳೆಯಲ್ಲಿ ನೆನೆದರೆ ಹಿಗ್ಗುತ್ತದೆಯಾದ್ದರಿಂದ ಪಟ್ಟಿಯನ್ನು ಮತ್ತೆ ಬಿಗಿಯಬೇಕಾಗುತ್ತದೆ. 1961ರ ಜಾಗ್ವಾರ್ ಇ-ಟೈಪಿನ ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್ಟಿನ ಬೀಗವನ್ನು ಹೊರಗಿನಿಂದ ವಿಶೇಷ ಕೀಲಿಯಿಂದ ತಿರುಗಿಸಬೇಕಾಗಿತ್ತು. ಆಮೇಲೆ ಅದು ಒಳಕ್ಕೆ ಹೋಯಿತು. ಇಂದು ಆ ಹೊರ ಬೀಗದ ಕಾರುಗಳನ್ನೇ ಸಂಗ್ರಾಹಕರು ಹುಡುಕುತ್ತಾರೆ.

‘ಡಿಕ್ಕಿ’ ಎಂಬ ನಮ್ಮ ಬಳಕೆಯ ಮಾತಿಗೂ ಒಂದು ಹಿನ್ನೆಲೆಯುಂಟು. ಹಿಂದಿನ ಕಾಲದ ಕೆಲವು ಕಾರುಗಳಲ್ಲಿ ಹಿಂಬದಿಯ ಮುಚ್ಚಳ ತೆರೆದರೆ ಮಡಚುವ ಆಸನವೊಂದು ದೊರೆಯುತ್ತಿತ್ತು. ಇಂಗ್ಲಿಷರು ಅದನ್ನು ‘ಡಿಕಿ’ ಎನ್ನುತ್ತಿದ್ದರು. ಆಸನ ಹೋಗಿ ಹೆಸರು ಉಳಿಯಿತು. ಅಮೆರಿಕನ್ನರು ಬಳಸುವ ‘ಟ್ರಂಕ್’ ಎಂಬ ಮಾತಾದರೋ ಕಾರಿನ ಹಿಂದೆ ಪಟ್ಟಿಯಿಂದ ಕಟ್ಟುತ್ತಿದ್ದ ನಿಜವಾದ ಪೆಟ್ಟಿಗೆಯಿಂದ ಬಂದುದು. ಡಿಕ್ಕಿಯ ಮುಚ್ಚಳ ತೆರೆದುಕೊಂಡರೆ ಹಿಂದಿನ ನೋಟ ಮರೆಯಾಗುತ್ತದೆ, ಸಾಮಾನು ರಸ್ತೆಗೆ ಬಿದ್ದು ಹಿಂದೆ ಬರುವವರಿಗೆ ಕಂಟಕವಾಗುತ್ತದೆ.

ಹೊಸದಾಗಿ ಕೊಂಡಿ ಕೂರಿಸುವವರು ಕ್ರಮವೊಂದನ್ನು ಪಾಲಿಸುತ್ತಾರೆ. ಮೊದಲು ಕೀಲುಗಳನ್ನು ಸರಿಪಡಿಸಿ, ಮುಚ್ಚಳದ ಸುತ್ತಲ ಸಂದು ಎಲ್ಲೆಡೆ ಸಮನಾಗಿರುವಂತೆ ನೋಡಬೇಕು. ಸೊಟ್ಟ ಮುಚ್ಚಳವನ್ನು ಕೊಂಡಿಯ ಬಲದಿಂದ ಎಳೆದು ಕೂರಿಸಬಾರದು. ಎರಡು ಪಕ್ಕಗಳ ಅಳತೆಯನ್ನು ಎರಡೆರಡು ಬಾರಿ ತಾಳೆನೋಡಿದ ಮೇಲೆಯೇ ತೂತು ಕೊರೆಯಬೇಕು. ತೆಳು ತಗಡಿನ ಒಳಬದಿಗೆ ದಪ್ಪ ಪಟ್ಟಿಯೊಂದನ್ನು ಆಸರೆ ಕೊಡಬೇಕು. ಇಲ್ಲದಿದ್ದರೆ ಎಳೆತಕ್ಕೆ ತಗಡು ಸೀಳುತ್ತದೆ. ಅಲ್ಯೂಮಿನಿಯಂ ಮೈಗೆ ಉಕ್ಕಿನ ಕೊಂಡಿ ತಾಗಿ, ನೀರೂ ಸೇರಿದರೆ ಲೋಹ ತಿಂದುಹೋಗುವುದರಿಂದ ನಡುವೆ ರಬ್ಬರ್ ಹಾಳೆ ಇಡಬೇಕು. ಅಲುಗಾಟಕ್ಕೆ ಸಡಿಲಗೊಳ್ಳದ ಲಾಕ್ ನಟ್ಟುಗಳನ್ನೇ ಬಳಸಿ, ಕೆಲವು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೆ ಪರೀಕ್ಷಿಸಬೇಕು.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹೊಸ ತೂತು ಬೇಕೇ ಎಂಬುದು. ಒಮ್ಮೆ ಕೊರೆದ ತಗಡು ಮೊದಲಿನಂತಾಗದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ರೂಪಿಸಿದ ನಿಯಮದಂತೆ, 50 ವರ್ಷ ದಾಟಿದ ಕಾರಿಗೆ ‘ವಿಂಟೇಜ್’ ಮಾನ್ಯತೆ ದೊರೆಯಬೇಕಾದರೆ ಅದರ ಚಾಸಿ, ಮೈಕಟ್ಟು, ಎಂಜಿನ್ನುಗಳು ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು. ಹಳೆಯ ತೂತುಗಳಿಗೇ ಹೊಂದುವ ಕೊಂಡಿ ಸಿಕ್ಕರೆ ಅದೇ ಲೇಸು.

ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಕೊಯಮತ್ತೂರಿಗೆ ಇಳಿಯುವ ಕುಟುಂಬಗಳು ಅವಿನಾಶಿ ರಸ್ತೆಯಲ್ಲಿರುವ, 2015ರಲ್ಲಿ ತೆರೆದ ಜೀಡೀ ಕಾರು ವಸ್ತುಸಂಗ್ರಹಾಲಯವನ್ನು ನೋಡಬಹುದು. ಧರ್ಮಸ್ಥಳಕ್ಕೆ ಹೋದವರಿಗೂ ಅಲ್ಲಿ ಹಳೆಯ ಕಾರುಗಳ ಸಂಗ್ರಹವಿದೆ. ಕಾರಿನ ಬಣ್ಣವನ್ನೂ ಹೊಳಪನ್ನೂ ನೋಡಿ ಮುಗಿದ ಮೇಲೆ, ಬಾನೆಟ್ಟಿನ ಕೀಲು ಯಾವ ಅಂಚಿನಲ್ಲಿದೆ, ಅಗುಳಿಗಳು ಎಷ್ಟು, ಒಂದು ಕೈಕೊಟ್ಟರೆ ಇನ್ನೊಂದು ಕಾಯುವುದೇ ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳು ಪ್ರತಿ ಕಾರಿನ ಮುಂದೆಯೂ ಕೇಳಿಕೊಳ್ಳಲಿ.